ವಾರಕ್ಕೆ ಮೂರು ಪೆನ್ನಿಯ ಪಾಠ

ಕಡುಬಡತನದಲ್ಲಿ ಹುಟ್ಟಿ ಯಂತ್ರವಿದ್ಯೆಯಲ್ಲಿ ಹೆಸರು ಗಳಿಸಿದವರ ಚರಿತ್ರೆಗಳನ್ನು ಬರೆಯುವವರು ನಾಯಕನ ಶ್ರದ್ಧೆ, ಸಹನೆ, ಅಚಲಸಂಕಲ್ಪಗಳ ವರ್ಣನೆಗೆ ಅಧ್ಯಾಯಗಳನ್ನೇ ಮೀಸಲಿಟ್ಟು, ಅವನ ಜೇಬಿನ ಲೆಕ್ಕವನ್ನು ಮಾತ್ರ ಎರಡು ಸಾಲಿನಲ್ಲಿ ಮುಗಿಸಿಬಿಡುವುದುಂಟು. ಈ ವಿಷಯದಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸನು ಒಬ್ಬ ವಿಚಿತ್ರ ಗ್ರಂಥಕರ್ತ. ಉಗಿಬಂಡಿಯ ಜಾರ್ಜ್ ಸ್ಟೀಫನ್‌ಸನ್ನನ ಜೀವನಚರಿತ್ರೆಯನ್ನು 1857ರಲ್ಲಿಯೂ, ಮನುಷ್ಯನು ತನ್ನ ಉದ್ಧಾರವನ್ನು ತಾನೇ ಮಾಡಿಕೊಳ್ಳತಕ್ಕದ್ದೆಂದು ಸಾರುವ ‘ಸೆಲ್ಫ್ ಹೆಲ್ಪ್’ ಎಂಬ ಗ್ರಂಥವನ್ನು 1859ರಲ್ಲಿಯೂ ಪ್ರಕಟಿಸಿದ ಈತನು ಸ್ವಭಾವತಃ ಉಪದೇಶಕನಾದರೂ, ಅಂಕಿಗಳನ್ನು ಮರೆಮಾಚತಕ್ಕವನಲ್ಲ. ತನ್ನ ನಾಯಕನಿಗೆ ಯಾವ ವಯಸ್ಸಿನಲ್ಲಿ ಎಷ್ಟು ಕೂಲಿ ಬಂದಿತು, ಏನು ಉಳಿಯಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ನಿಷ್ಠೆಯಿಂದ ಬರೆದಿಟ್ಟಿದ್ದಾನೆ. ಆ ಜೀವನಚರಿತ್ರೆಯಿಂದ ಉಪದೇಶವನ್ನು ತೆಗೆದುಹಾಕಿ ಅಂಕಿಗಳನ್ನು ಮಾತ್ರ ಓದಿಕೊಂಡು ಹೋದರೆ, ಸ್ಮೈಲ್ಸನು ಹೇಳಹೊರಟದ್ದಕ್ಕಿಂತ ಭಿನ್ನವಾದ, ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಸತ್ಯವಾದ, ಒಂದು ಕಥೆ ಹೊರಡುತ್ತದೆ.

ಇಂಗ್ಲೆಂಡಿನ ಉತ್ತರದಲ್ಲಿ, ನ್ಯೂಕ್ಯಾಸಲ್ ನಗರದಿಂದ ಪಶ್ಚಿಮಕ್ಕೆ ಸುಮಾರು ಎಂಟು ಮೈಲಿ ದೂರದಲ್ಲಿ, ಟೈನ್ ನದಿಯ ದಡದ ಮೇಲೆ ವೈಲಮ್ ಎಂಬ ಹಳ್ಳಿಯಿದೆ. 1781ರ ಜೂನ್ 9ರಂದು ಜಾರ್ಜನು ಹುಟ್ಟಿದ ಮನೆ ಅಲ್ಲಿ ಇಂದಿಗೂ ನಿಂತಿದೆ. ದೂರದಿಂದ ನೋಡಿದವರಿಗೆ ಅದು ಸ್ಥಿತಿವಂತನೊಬ್ಬನ ಮನೆಯಂತೆಯೇ ಕಂಡೀತು. ಆದರೆ ಆ ಕಾಲದಲ್ಲಿ ಅದರೊಳಗೆ ನಾಲ್ಕು ಸಂಸಾರಗಳು ಒಂದೊಂದು ಕೋಣೆಯಲ್ಲಿ ವಾಸಿಸುತ್ತಿದ್ದವು, ಅವುಗಳಲ್ಲಿ ಒಂದು ಕೋಣೆ ಸ್ಟೀಫನ್‌ಸನ್ನರದು. ತಂದೆಯು ಕಲ್ಲಿದ್ದಲ ಗಣಿಯ ನೀರೆತ್ತುವ ಯಂತ್ರದ ಒಲೆಗೆ ಇದ್ದಲು ಹಾಕುವವನು, ವಾರದ ಸಂಬಳ 12 ಷಿಲಿಂಗ್, ಮಕ್ಕಳು ಆರು ಮಂದಿ, ತಂದೆತಾಯಿಗಳಿಬ್ಬರೂ ನಿರಕ್ಷರಸ್ಥರು. ಹನ್ನೆರಡು ಪೆನ್ನಿಗೆ ಒಂದು ಷಿಲಿಂಗ್, ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು ಎಂಬ ಹಳೆಯ ಲೆಕ್ಕವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮನೆಯ ಬಾಗಿಲ ಮುಂದೆಯೇ ಮರದ ಹಳಿಗಳ ಮೇಲೆ ಕುದುರೆಗಳು ಇದ್ದಲ ಬಂಡಿಗಳನ್ನು ನದಿಯ ಕಡೆಗೆ ಎಳೆದುಕೊಂಡು ಹೋಗುತ್ತಿದ್ದುವಾದುದರಿಂದ, ಮಕ್ಕಳು ಆ ಬಂಡಿಗಳ ದಾರಿಗೆ ಅಡ್ಡ ಹೋಗದಂತೆ ನೋಡಿಕೊಳ್ಳುವುದು ದೊಡ್ಡ ಮಕ್ಕಳ ಪಾಲಿನ ಮೊದಲ ಉದ್ಯೋಗವಾಗಿತ್ತು.

ಕೂಲಿಯ ಉದ್ಯೋಗವೂ ತಡವಾಗಲಿಲ್ಲ. ಎಂಟನೆಯ ವಯಸ್ಸಿಗೆ ಒಬ್ಬ ವಿಧವೆಯ ಹಸುಗಳನ್ನು ಕಾಯುವುದಕ್ಕೆ ದಿನಕ್ಕೆ 2 ಪೆನ್ನಿ. ಆಮೇಲೆ ಇದ್ದಲಿನಿಂದ ಕಲ್ಲು ಆರಿಸುವುದಕ್ಕೆ 6 ಪೆನ್ನಿ. ಗಣಿಯ ರಾಟೆಯ ಕುದುರೆ ಹೊಡೆಯುವುದಕ್ಕೆ 8 ಪೆನ್ನಿ. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯ ಕೈಕೆಳಗೆ ಒಲೆಯ ಕೆಲಸಕ್ಕೆ ಸೇರಿದಾಗ ದಿನಕ್ಕೆ 1 ಷಿಲಿಂಗ್. ಮುಂದೆ ತನ್ನ ಕೂಲಿ ವಾರಕ್ಕೆ 12 ಷಿಲಿಂಗಿಗೆ ಏರಿದ ದಿನ, ಇನ್ನು ತನ್ನ ಬಾಳು ನೆಲೆಗೆ ನಿಂತಿತೆಂದು ಹುಡುಗನು ಹಿಗ್ಗಿದನೆಂದು ಸ್ಮೈಲ್ಸನು ಬರೆಯುತ್ತಾನೆ. ಆರು ಮಕ್ಕಳ ತಂದೆಯ ಸಂಬಳವೇ ಅಷ್ಟಾಗಿದ್ದ ಮನೆಯಲ್ಲಿ ಬೆಳೆದವನಿಗೆ ಅದಕ್ಕಿಂತ ದೊಡ್ಡ ಮೊತ್ತವೊಂದು ಕಲ್ಪನೆಗೆ ಬಂದಿರುವುದೂ ಕಷ್ಟ.

ಹದಿನೇಳನೆಯ ವರ್ಷದಲ್ಲಿ ಅವನು ತಂದೆಯನ್ನು ಮೀರಿದನು. ತಂದೆ ಒಲೆ ನೋಡಿಕೊಳ್ಳುತ್ತಿದ್ದ ಯಂತ್ರಕ್ಕೆ ಮಗನು ಮೇಲ್ವಿಚಾರಕನಾದನು. ಯಂತ್ರವು ಸರಿಯಾಗಿ ನೀರೆಳೆಯುತ್ತಿದೆಯೇ ಎಂದು ನೋಡುವುದು, ಗಣಿಯ ತಳದಲ್ಲಿ ನೀರು ಇಳಿದು ಪಂಪಿನ ಬಾಯಿ ಬಯಲಾದರೆ ಕೆಳಗಿಳಿದು ಅದಕ್ಕೆ ಬೆಣೆ ಹೊಡೆದು ಗಾಳಿ ಎಳೆಯದಂತೆ ಮಾಡುವುದು ಅವನ ಕೆಲಸ. ಇದನ್ನು ಸರಿಯಾಗಿ ಮಾಡುವುದಕ್ಕೆ ಓದುಬರಹ ಬೇಕಿರಲಿಲ್ಲ. ಆದರೆ ಬೋಲ್ಟನ್ ಮತ್ತು ವಾಟ್ ಎಂಬವರು ಇದಕ್ಕಿಂತ ಮೇಲಾದ ಯಂತ್ರಗಳನ್ನು ಕಟ್ಟಿದ್ದಾರೆಂದೂ, ಅವುಗಳ ವಿವರಣೆ ಪುಸ್ತಕಗಳಲ್ಲಿದೆಯೆಂದೂ ಅವನು ಕೇಳಿದನು. ಪುಸ್ತಕವೆಂಬುದು ಬೀಗ ಹಾಕಿದ ಪೆಟ್ಟಿಗೆ, ತನ್ನಲ್ಲಿ ಅದರ ಕೀಲಿಯಿಲ್ಲ ಎಂಬುದು ಆಗ ಅವನಿಗೆ ಮನದಟ್ಟಾಯಿತು. ಹದಿನೆಂಟನೆಯ ವಯಸ್ಸಿನಲ್ಲಿ, ವಾಲ್‌ಬಾಟಲ್ ಹಳ್ಳಿಯಲ್ಲಿ ರಾಬಿನ್ ಕೌವೆನ್ಸ್ ಎಂಬ ಬಡ ಉಪಾಧ್ಯಾಯನು ನಡೆಸುತ್ತಿದ್ದ ರಾತ್ರಿಶಾಲೆಗೆ ಸೇರಿ, ವಾರಕ್ಕೆ ಮೂರು ರಾತ್ರಿ, ಗಣಿಯ ಮಕ್ಕಳ ಸಂಗಡ ಕುಳಿತು ಅಕ್ಷರಾಭ್ಯಾಸ ಪ್ರಾರಂಭಿಸಿದನು. ಶುಲ್ಕ ವಾರಕ್ಕೆ 3 ಪೆನ್ನಿ. ಮರುವರ್ಷ ನ್ಯೂಬರ್ನಿನಲ್ಲಿ ಆಂಡ್ರ್ಯೂ ರಾಬರ್ಟ್‌ಸನ್ ಎಂಬ ಸ್ಕಾಟಿಷ್ ಉಪಾಧ್ಯಾಯನಲ್ಲಿ ವಾರಕ್ಕೆ 4 ಪೆನ್ನಿ ಕೊಟ್ಟು ಲೆಕ್ಕ ಕಲಿತನು. ಹಗಲು ಯಂತ್ರದ ಒಲೆಯ ಬಳಿ ಬಿಡುವಾದಾಗ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಸಂಜೆ ಗುರುವಿಗೆ ತೋರಿಸಿ, ಹೊಸ ಲೆಕ್ಕಗಳನ್ನು ಬರೆಸಿಕೊಂಡು ಬರುವುದು ಅವನ ಪದ್ಧತಿಯಾಗಿತ್ತು.

ಸ್ವಲ್ಪ ನಿಂತು ಈ ಅಂಕಿಯನ್ನು ನೋಡಬೇಕು. 12 ಷಿಲಿಂಗೆಂದರೆ 144 ಪೆನ್ನಿ. ಅದರಲ್ಲಿ 3 ಪೆನ್ನಿಯು ನಲವತ್ತೆಂಟನೆಯ ಒಂದು ಪಾಲು. ವಿದ್ಯೆ ಇಷ್ಟು ಅಗ್ಗವಾಗಿದ್ದಾಗ ಅದನ್ನು ಪಡೆಯಲು ಹದಿನೆಂಟು ವರ್ಷ ಏಕೆ ಕಾಯಬೇಕಾಯಿತು? ಶುಲ್ಕವು ಬಡವನಿಗೆ ವಿದ್ಯೆಯ ಬೆಲೆಯಲ್ಲಿ ಅತ್ಯಲ್ಪ ಭಾಗವೆಂಬುದೇ ಇದಕ್ಕೆ ಉತ್ತರ. ಎಂಟು ವರ್ಷದ ಹುಡುಗನು ಶಾಲೆಯಲ್ಲಿ ಕುಳಿತರೆ ಮನೆಗೆ ನಷ್ಟವಾಗುತ್ತಿದ್ದದ್ದು ಶುಲ್ಕದ ಮೂರು ಪೆನ್ನಿಗಿಂತ ಹೆಚ್ಚಾಗಿ ಹಸು ಕಾಯುವ ದಿನಗೂಲಿಯ ಎರಡೆರಡು ಪೆನ್ನಿ. ಹದಿನಾಲ್ಕು ವರ್ಷದವನು ಕುಳಿತರೆ ದಿನಕ್ಕೊಂದು ಷಿಲಿಂಗ್. ತನ್ನ ದುಡಿಮೆಯ ಒಂದಂಶವಾದರೂ ತನ್ನದೆಂದು ಹೇಳಿಕೊಳ್ಳುವ ವಯಸ್ಸು ಬರುವವರೆಗೆ, ಮೂರು ಪೆನ್ನಿಯ ಪಾಠವೂ ಅವನಿಗೆ ನಿಲುಕದ ವಸ್ತುವಾಗಿತ್ತು. ನಮ್ಮ ಕಾಲದಲ್ಲಿಯೂ ಶುಲ್ಕವಿನಾಯಿತಿಯನ್ನು ಕೊಟ್ಟು, ವಿದ್ಯಾರ್ಥಿಯ ಮನೆಯವರು ಕಳೆದುಕೊಳ್ಳುವ ಸಂಬಳವನ್ನು ಲೆಕ್ಕಕ್ಕೆ ಹಿಡಿಯದೆ, ಹುಡುಗ ಏಕೆ ಅರ್ಧಕ್ಕೆ ಬಿಟ್ಟನೆಂದು ಆಶ್ಚರ್ಯಪಡುವ ಮಹನೀಯರಿದ್ದಾರೆ.

ಆದರೆ ಲೆಕ್ಕದ ಇನ್ನೊಂದು ಪಾರ್ಶ್ವವನ್ನೂ ಹೇಳಬೇಕು. ಆ ಕಾಲದ ಮುಂದುವರಿದ ಯಂತ್ರಗಳಲ್ಲೊಂದು, ರಾಜಧಾನಿಯ ಪಂಡಿತರಿಗೂ ನಿತ್ಯ ದೊರಕದ ವಸ್ತು, ಈ ನಿರಕ್ಷರಿ ಹುಡುಗನ ವಶದಲ್ಲಿ ದಿನಕ್ಕೆ ಹನ್ನೆರಡು ಗಂಟೆಗಳ ಕಾಲ ಇರುತ್ತಿತ್ತು. ಶನಿವಾರ ಮಧ್ಯಾಹ್ನ ಕೆಲಸ ನಿಂತು ಉಳಿದವರು ಪಾನಗೃಹದ ಕಡೆಗೋ ನಾಯಿಜಗಳ, ಕೋಳಿಜಗಳಗಳ ಕಡೆಗೋ ನಡೆದಾಗ, ಅವನು ಯಂತ್ರವನ್ನು ಕಳಚಿ, ಒಂದೊಂದು ಭಾಗವನ್ನೂ ಒರಸಿ, ಅದರ ಉದ್ದೇಶವನ್ನು ಆಲೋಚಿಸಿ ಮರಳಿ ಜೋಡಿಸುತ್ತಿದ್ದನು. ಸ್ಮೈಲ್ಸನು ಇಲ್ಲಿ ಹುಡುಗನ ಸಂಯಮವನ್ನು ಕೊಂಡಾಡುತ್ತಾನೆ; ಕೊಂಡಾಡತಕ್ಕದ್ದೇ. ಆದರೆ ಹಾಗೆ ಕಳಚಲು ಯಂತ್ರವೊಂದು ಸಿಕ್ಕದ ಊರಿನಲ್ಲಿ ಹುಟ್ಟಿದ್ದರೆ, ಎಷ್ಟು ಸಂಯಮವಿದ್ದರೂ ಅವನು ಹಸು ಕಾಯುತ್ತಲೇ ಮುಪ್ಪಾಗುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಇಪ್ಪತ್ತನೆಯ ವಯಸ್ಸಿಗೆ ಬ್ಲ್ಯಾಕ್ ಕ್ಯಾಲರ್ಟನ್ ಗಣಿಯಲ್ಲಿ, ಇದ್ದಲನ್ನೂ ಆಳುಗಳನ್ನೂ ಮೇಲಕ್ಕೆತ್ತುವ ಯಂತ್ರದ ಚಾಲಕನಾದನು. ಸಂಬಳ ಹೆಚ್ಚಿತಾದರೂ, ಆಗ ನೆಪೋಲಿಯನ್ನನ ಯುದ್ಧಗಳ ಕಾಲ, ಬ್ರೆಡ್ಡಿನ ಬೆಲೆ ಏರಿತ್ತು. ಅವನು ಸಂಜೆ ಜೋಡು ಹೊಲಿಯಲು, ಹರಿದ ಜೋಡುಗಳಿಗೆ ಅಟ್ಟೆ ಹಾಕಲು ಕಲಿತನು. ಮುಂದೆ ತನ್ನ ಹೆಂಡತಿಯಾಗಲಿದ್ದ ಫ್ಯಾನಿ ಹೆಂಡರ್ಸನ್ನಳ ಜೋಡೂ ಅವುಗಳಲ್ಲಿ ಒಂದಾಗಿತ್ತು. ಜೀವಮಾನದಲ್ಲಿ ಮೊದಲು ಉಳಿಸಿದ ಒಂದು ಗಿನಿ ಈ ಅಟ್ಟೆಗಳಿಂದ ಬಂದದ್ದು. 1802ರಲ್ಲಿ ಮದುವೆಯಾಗಿ ವಿಲಿಂಗ್ಟನ್ ಕೀಗೆ ಹೋದ ಮೇಲೆ, ಹಡಗುಗಳ ಭಾರದ ಮಣ್ಣನ್ನು ಹೊತ್ತು ಹಾಕುವ ಕೂಲಿಯನ್ನೂ ಸಂಜೆ ಮಾಡುತ್ತಿದ್ದನು. ಒಮ್ಮೆ ಮನೆಯ ಹೊಗೆಗೂಡಿಗೆ ಬೆಂಕಿ ಹತ್ತಿ, ನೆರೆಹೊರೆಯವರು ಎರಚಿದ ನೀರಿನಿಂದಲೂ ಮಸಿಯಿಂದಲೂ ಗಡಿಯಾರ ನಿಂತುಹೋಯಿತು. ರಿಪೇರಿಗೆ ಕೊಡಲು ಹಣವಿಲ್ಲದೆ ತಾನೇ ಬಿಚ್ಚಿ ಸರಿಪಡಿಸಿದನು. ಅಂದಿನಿಂದ ಸುತ್ತಲಿನ ಗಣಿಗಾರರ ಗಡಿಯಾರಗಳೆಲ್ಲ ಅವನ ಬಳಿಗೆ ಬರಲಾರಂಭಿಸಿದವು.

ಇಷ್ಟು ದುಡಿದವನು ಮುಂದೆ ಬರಲೇಬೇಕಲ್ಲವೆ? ಉಪದೇಶಕರು ಹಾಗೆನ್ನುತ್ತಾರೆ. 1803ರಲ್ಲಿ ಮಗ ರಾಬರ್ಟ್ ಹುಟ್ಟಿದನು. ಸಂಸಾರ ಕಿಲ್ಲಿಂಗ್‌ವರ್ತಿನ ಗಣಿಯ ಬಳಿಗೆ ಬಂದಿತು. 1805ರಲ್ಲಿ ಹುಟ್ಟಿದ ಹೆಣ್ಣುಕೂಸು ಕೆಲವು ವಾರಗಳಲ್ಲಿಯೇ ತೀರಿಕೊಂಡಿತು. 1806ರಲ್ಲಿ ಹೆಂಡತಿ ಕ್ಷಯರೋಗದಿಂದ ಮಡಿದಳು. ಮಗುವನ್ನು ಊರಿನಲ್ಲಿ ಬಿಟ್ಟು, ಗಂಟನ್ನು ಬೆನ್ನಿಗೆ ಕಟ್ಟಿಕೊಂಡು, ಸ್ಕಾಟ್ಲೆಂಡಿನ ಮಾಂಟ್ರೋಸಿಗೆ ನಡೆದುಕೊಂಡೇ ಹೋಗಿ, ಅಲ್ಲಿನ ನೂಲಿನ ಗಿರಣಿಯಲ್ಲಿ ವಾಟನ ಮಾದರಿಯ ಯಂತ್ರವೊಂದನ್ನು ಸುಮಾರು ಒಂದು ವರ್ಷ ನೋಡಿಕೊಂಡನು. ಒಳ್ಳೆಯ ಸಂಬಳ. ಹಿಂದಿರುಗಿದಾಗ ಕೈಯಲ್ಲಿ 28 ಪೌಂಡು ಉಳಿತಾಯವಿತ್ತು. ಅಲ್ಲಿಯವರೆಗಿನ ಅವನ ಬಾಳಿನಲ್ಲಿ ಅದೇ ದೊಡ್ಡ ಗಂಟು. ಬಂದು ನೋಡಿದರೆ, ತಂದೆಯು ಯಂತ್ರವನ್ನು ದುರಸ್ತು ಮಾಡುತ್ತಿದ್ದಾಗ ಯಾರೋ ಅಜಾಗರೂಕತೆಯಿಂದ ಉಗಿಯನ್ನು ಬಿಟ್ಟು, ಆತನ ಮುಖ ಬೆಂದು ಎರಡು ಕಣ್ಣೂ ಹೋಗಿದ್ದವು, ಮನೆ ಸಾಲದಲ್ಲಿತ್ತು. ಜಾರ್ಜನು ಕೂಡಲೆ 15 ಪೌಂಡು ಸಾಲ ತೀರಿಸಿ, ತಂದೆತಾಯಿಗಳನ್ನು ತನ್ನ ಮನೆಯ ಹತ್ತಿರಕ್ಕೆ ಕರೆತಂದು, ಅವರ ಪೋಷಣೆಯನ್ನು ವಹಿಸಿಕೊಂಡನು. ಅದೇ ಕಾಲಕ್ಕೆ ಸೈನ್ಯಕ್ಕೆ ಜನರನ್ನು ಆರಿಸುವ ಚೀಟಿಯಲ್ಲಿ ಅವನ ಹೆಸರು ಎದ್ದಿತು. ತಾನು ಹೋದರೆ ಕುರುಡ ತಂದೆಗೂ ತಾಯಿಯಿಲ್ಲದ ಮಗನಿಗೂ ಗತಿಯಿಲ್ಲವಾದುದರಿಂದ, ಬದಲಿಗೆ ಒಬ್ಬನನ್ನು ಹಣ ಕೊಟ್ಟು ಕಳುಹಿಸಬೇಕಾಯಿತು. ಉಳಿದಿದ್ದ ಪೌಂಡುಗಳೆಲ್ಲ ಅದಕ್ಕೆ ಹೋಗಿ, ಮೇಲೆ ಸಾಲವೂ ಆಯಿತು.

ಬಡವನ ಉಳಿತಾಯದ ಸ್ವರೂಪವೇ ಇಂಥದು. ಸ್ಥಿತಿವಂತನ ಹಣವು ಕುಳಿತಲ್ಲಿ ಬೆಳೆಯುತ್ತದೆ. ಬಡವನ ಹಣಕ್ಕೆ ಕುಳಿತುಕೊಳ್ಳಲು ಪುರಸೊತ್ತೇ ಇಲ್ಲ, ಮೊದಲನೆಯ ಅನಾಹುತ ಬಂದೊಡನೆ ಎದ್ದು ಹೋಗಬೇಕು. ಮಿತವ್ಯಯವು ಉದ್ಧಾರದ ಮಾರ್ಗವೆಂದು ಸಾರಿದ ಸ್ಮೈಲ್ಸನು ಈ ಪ್ರಕರಣವನ್ನು ತಾನೇ ಬರೆದೂ, ಅದು ತನ್ನ ವಾದಕ್ಕೆ ಎಷ್ಟು ಪ್ರತಿಕೂಲವಾದ ಸಾಕ್ಷ್ಯವೆಂಬುದನ್ನು ಗಮನಿಸಿದಂತೆ ತೋರುವುದಿಲ್ಲ. ನಾಯಕನೇ ಆಗ ಆಸೆ ಬಿಟ್ಟಿದ್ದನು. ಅವನ ತಂಗಿಯೂ ಆಕೆಯ ಗಂಡನೂ ಅಮೆರಿಕಕ್ಕೆ ಹೊರಟಿದ್ದರು. ತಾನೂ ಹೋಗಬೇಕೆಂದು ಅವನು ಯೋಚಿಸಿದನು, ಆದರೆ ಹಡಗಿನ ಖರ್ಚಿಗೆ ಹಣವಿರಲಿಲ್ಲ. ಇಂಗ್ಲೆಂಡಿಗೆ ಅವನು ಉಳಿದದ್ದು ಅವನ ದಾರಿದ್ರ್ಯದ ಕೃಪೆಯಿಂದ.

ತಿರುವು ಬಂದದ್ದು 1811ರಲ್ಲಿ. ಕಿಲ್ಲಿಂಗ್‌ವರ್ತಿನಲ್ಲಿ ಹೊಸದಾಗಿ ತೋಡಿದ ಹೈ ಪಿಟ್ ಎಂಬ ಗಣಿಯಲ್ಲಿ ನೀರು ತುಂಬಿಕೊಂಡು, ಅದನ್ನು ಹೊರಹಾಕಲು ಇಟ್ಟಿದ್ದ ನ್ಯೂಕಾಮೆನ್ ಮಾದರಿಯ ಯಂತ್ರವು ತಿಂಗಳುಗಟ್ಟಲೆ ದುಡಿದರೂ ನೀರು ತಗ್ಗಲಿಲ್ಲ. ಸುತ್ತಲಿನ ಎಂಜಿನಿಯರುಗಳು ಬಂದು ನೋಡಿ ಕೈಬಿಟ್ಟರು. ಈ ಯಂತ್ರದ ತತ್ತ್ವ ಸರಳವಾದುದು: ದೊಡ್ಡ ಸಿಲಿಂಡರಿನೊಳಕ್ಕೆ ಉಗಿಯನ್ನು ತುಂಬಿ, ಅದರ ಮೇಲೆ ತಣ್ಣೀರನ್ನು ಚಿಮ್ಮಿಸಿದರೆ ಉಗಿಯು ನೀರಾಗಿ ಕುಗ್ಗಿ ಒಳಗೆ ನಿರ್ವಾತವುಂಟಾಗುತ್ತದೆ, ಆಗ ಹೊರಗಿನ ವಾಯುಭಾರವು ಕೊಂತವನ್ನು ಕೆಳಕ್ಕೆ ಒತ್ತಿ, ತೊಲೆಯ ಇನ್ನೊಂದು ತುದಿಯಲ್ಲಿ ನೀರನ್ನು ಮೇಲೆತ್ತುತ್ತದೆ. ತಣ್ಣೀರು ಸಾಲದೆ ಹೋದರೆ ಉಗಿಯು ಪೂರ್ಣವಾಗಿ ಕುಗ್ಗದು, ಯಂತ್ರಕ್ಕೆ ಬಲವೂ ಬಾರದು. ಶನಿವಾರಗಳನ್ನೆಲ್ಲ ಯಂತ್ರ ಕಳಚುವುದರಲ್ಲಿ ಕಳೆದಿದ್ದವನಿಗೆ ಈ ದೋಷವು ನೋಡಿದೊಡನೆ ಹೊಳೆಯಿತು. ಗಣಿಯ ಅಧಿಕಾರಿ ರಾಲ್ಫ್ ಡಾಡ್ಸನು ಬೇರೆ ದಾರಿ ಕಾಣದೆ ಕೆಲಸವನ್ನು ಅವನಿಗೊಪ್ಪಿಸಿದಾಗ, ತಣ್ಣೀರಿನ ತೊಟ್ಟಿಯನ್ನು ಹತ್ತು ಅಡಿ ಎತ್ತರಿಸಿ, ನೀರು ಚಿಮ್ಮುವ ಬಾಯಿಯನ್ನು ದೊಡ್ಡದು ಮಾಡಿ, ಉಗಿಯ ಒತ್ತಡವನ್ನೂ ಏರಿಸಿದನು. ವಾರದೊಳಗೆ ಆಳುಗಳು ಗಣಿಯ ತಳಕ್ಕೆ ಇಳಿದರು. ಅವನಿಗೆ ಸಿಕ್ಕಿದ ಬಹುಮಾನ 10 ಪೌಂಡು. ಮರುವರ್ಷ ಗಣಿಯ ಯಂತ್ರಶಿಲ್ಪಿಯ ಸ್ಥಾನ ತೆರವಾದಾಗ ವರ್ಷಕ್ಕೆ 100 ಪೌಂಡು ಸಂಬಳದ ಆ ಹುದ್ದೆ ಅವನದಾಯಿತು. ಅವನಿಗೆ ಆಗ ಮೂವತ್ತೊಂದು ವರ್ಷ. ಕೂಲಿಗೆ ಸೇರಿ ಇಪ್ಪತ್ತಮೂರು ವರ್ಷಗಳಾಗಿದ್ದವು.

ನಮ್ಮ ನಾಡಿನವರಿಗೆ ಇಲ್ಲಿ ಸಹಜವಾಗಿಯೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ನೆನಪಾಗುತ್ತದೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮನೆಪಾಠ ಹೇಳಿ ಓದಿನ ಖರ್ಚನ್ನು ನಿಭಾಯಿಸಿದರು. ಆದರೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, 1883ರಲ್ಲಿ ಪ್ರಥಮಸ್ಥಾನದಲ್ಲಿ ತೇರ್ಗಡೆಯಾಗಲು ಸಾಧ್ಯವಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಮನೆಮನೆಯಲ್ಲಿ ದಿನಕ್ಕೊಂದರಂತೆ ವಾರಾನ್ನ ಉಂಡು ಓದಿದ ಆ ಪೀಳಿಗೆಯ ಅಸಂಖ್ಯಾತ ಹುಡುಗರಿಗೂ ಯಾರೋ ಏಳು ಗೃಹಿಣಿಯರು ಓದಿನ ವರ್ಷಗಳನ್ನು ದಾನವಾಗಿ ಕೊಟ್ಟಿದ್ದರು. ಆ ಏಳು ಮನೆಗಳಲ್ಲಿ ಒಂದೂ ಇಲ್ಲದವನು, ಜಾತಿಯ ಕಾರಣದಿಂದ ಯಾವ ಮನೆಯ ಜಗಲಿಯನ್ನೂ ಹತ್ತಲಾಗದವನು, ಏನಾದನೆಂಬುದನ್ನು ಬರೆದಿಡುವ ಸ್ಮೈಲ್ಸನೊಬ್ಬನು ನಮ್ಮಲ್ಲಿ ಹುಟ್ಟಲಿಲ್ಲ.

ಸ್ಟೀಫನ್‌ಸನ್ನನು ಸ್ಥಾನಕ್ಕೆ ಬಂದ ಮೇಲೆ ಕೆಲಸಗಳು ವೇಗವಾಗಿ ನಡೆದವು. ಗಣಿಯ ಒಡೆಯರಲ್ಲೊಬ್ಬನಾದ ಲಾರ್ಡ್ ರೇವನ್ಸ್‌ವರ್ತನು ಹಣ ಕೊಟ್ಟುದರಿಂದ 1814ರ ಜುಲೈಯಲ್ಲಿ ಅವನ ಮೊದಲ ಉಗಿಬಂಡಿಯು 30 ಟನ್ ಭಾರವನ್ನು ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ ಏರುದಾರಿಯಲ್ಲಿ ಎಳೆಯಿತು. 1815ರ ಅಕ್ಟೋಬರಿನಲ್ಲಿ, ಗಣಿಯ ಸ್ಫೋಟಕ ಅನಿಲಕ್ಕೆ ಬೆಂಕಿ ಹತ್ತಿಸದ ದೀಪವೊಂದನ್ನು ಮಾಡಿ ತಾನೇ ಕೈಯಲ್ಲಿ ಹಿಡಿದು ಪರೀಕ್ಷಿಸಿದನು. ಲಂಡನ್ನಿನಲ್ಲಿ ಸರ್ ಹಂಫ್ರಿ ಡೇವಿಯು ತನ್ನ ದೀಪವನ್ನು ವಿದ್ವಾಂಸರ ಮುಂದಿಟ್ಟದ್ದು ಕೆಲವು ವಾರಗಳ ತರುವಾಯ. ಇಬ್ಬರೂ ಸ್ವತಂತ್ರವಾಗಿ ಹೊಳೆಸಿಕೊಂಡದ್ದೆಂದು ಇಂದು ಎಲ್ಲರೂ ಒಪ್ಪುತ್ತಾರೆ. ಆದರೆ ಅಕ್ಷರ ಸರಿಯಾಗಿ ಬಾರದ ಗಣಿಯಾಳು ಇಂಥದನ್ನು ಕಂಡುಹಿಡಿದಾನೆಂಬುದನ್ನು ಡೇವಿಯ ಪಕ್ಷದವರು ನಂಬಲಾರದೆ ಹೋದರು. ಡೇವಿಗೆ 2000 ಪೌಂಡು ಗೌರವಧನ, ಸ್ಟೀಫನ್‌ಸನ್ನನಿಗೆ 100 ಗಿನಿ. ನ್ಯೂಕ್ಯಾಸಲಿನ ಜನ ರೇಗಿ, ತಾವೇ ಚಂದಾ ಎತ್ತಿ ಅವನಿಗೆ 1000 ಪೌಂಡು ಅರ್ಪಿಸಿದರು. ಇದು ಮುಂದೆ ಉಪಯೋಗಕ್ಕೆ ಬರಲಿರುವ ಹಣ.

ತನಗೆ ದಕ್ಕದ ವಿದ್ಯೆಯನ್ನು ಮಗನಿಗೆ ಕೊಡಿಸಬೇಕೆಂಬ ಹಟದಿಂದ ಅವನು ರಾಬರ್ಟನನ್ನು ನ್ಯೂಕ್ಯಾಸಲಿನ ಬ್ರೂಸ್ ಎಂಬವರ ಶಾಲೆಗೆ ಸೇರಿಸಿದನು. ಹುಡುಗನು ಕತ್ತೆಯ ಮೇಲೆ ಕುಳಿತು ಹೋಗಿಬರುತ್ತಿದ್ದನು. ನಗರದಲ್ಲಿ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘವೆಂಬ ಸಂಸ್ಥೆಯಿತ್ತು. ಅದರ ಪುಸ್ತಕಭಂಡಾರದಲ್ಲಿ ರಾಬರ್ಟನು ಶನಿವಾರಗಳನ್ನು ಕಳೆದು, ಮನೆಗೆ ಕೊಡುವ ಪುಸ್ತಕಗಳನ್ನು ತಂದೆಗೆ ತಂದು ಓದಿಹೇಳುವನು. ಹೊರಗೆ ಕೊಡದ ಬೆಲೆಬಾಳುವ ಗ್ರಂಥಗಳಿಂದ ಯಂತ್ರಗಳ ಚಿತ್ರಗಳನ್ನೂ ವಿವರಣೆಗಳನ್ನೂ ನಕಲು ಮಾಡಿ ತರುವನು. ಹೀಗೆ ಒಂದು ಶುಲ್ಕದಲ್ಲಿ ಇಬ್ಬರು ವಿದ್ಯಾರ್ಥಿಗಳು ಓದಿದರು. 1816ರಲ್ಲಿ ಇಬ್ಬರೂ ಕೂಡಿ ಲೆಕ್ಕ ಹಾಕಿ ಕಲ್ಲಿನಲ್ಲಿ ಕೆತ್ತಿದ ನೆರಳುಗಡಿಯಾರವು ಕಿಲ್ಲಿಂಗ್‌ವರ್ತಿನ ಅವರ ಮನೆಯ ಬಾಗಿಲ ಮೇಲೆ ಇದೆ. ರಾಬರ್ಟನನ್ನು 1822ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೂ ಆರು ತಿಂಗಳು ಕಳುಹಿಸಿದನು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿ ಇರಿಸಲಿಲ್ಲ.

ವಿದ್ಯೆಯ ಕೊರತೆಯು ಅವನನ್ನು ಅತ್ಯಂತ ಬಹಿರಂಗವಾಗಿ ಬಾಧಿಸಿದ್ದು, ಹಣದ ಕೊರತೆ ತೀರಿದ ಎಷ್ಟೋ ವರ್ಷಗಳ ಮೇಲೆ. ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲುಮಾರ್ಗದ ಮಸೂದೆ 1825ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಬಂದಾಗ, ವಿರೋಧಪಕ್ಷದ ವಕೀಲ ಎಡ್ವರ್ಡ್ ಆಲ್ಡರ್‌ಸನ್ನನು ಅವನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಿದನು. ಅವನ ಉತ್ತರದೇಶದ ಒರಟು ಉಚ್ಚಾರಣೆ ನಗೆಗೀಡಾಯಿತು. ಆದರೆ ನಕ್ಕದ್ದೆಲ್ಲ ಅನ್ಯಾಯವೆನ್ನುವಂತಿಲ್ಲ. ಸಹಾಯಕರು ಮಾಡಿದ ಅಳತೆಯಲ್ಲಿ ಮಟ್ಟಗಳು ನಿಜವಾಗಿಯೂ ತಪ್ಪಾಗಿದ್ದವು. ಅರ್‌ವೆಲ್ ನದಿಯ ಸೇತುವೆಯ ವಿಷಯದಲ್ಲಿ ಅವನ ಉತ್ತರಗಳು ನಿಲ್ಲಲಿಲ್ಲ. ಯಂತ್ರದ ಮುಂದೆ ಎಂದೂ ತಬ್ಬಿಬ್ಬಾಗದವನು ಕಾಗದದ ಮುಂದೆ ತಬ್ಬಿಬ್ಬಾದನು. ಕೈಯಿಂದ ಕಲಿತದ್ದು ಹೆಚ್ಚೆಂದೂ ಪುಸ್ತಕದಿಂದ ಕಲಿತದ್ದು ಕಡಿಮೆಯೆಂದೂ ಹೊಗಳುವವರು ಆ ಪಾಟೀಸವಾಲಿನ ದಿನಗಳ ವರದಿಯನ್ನು ಓದುವುದೊಳ್ಳೆಯದು. ಮಸೂದೆ ಬಿದ್ದುಹೋಯಿತು. ಮರುವರ್ಷ ಬೇರೆಯವರ ಅಳತೆಯೊಂದಿಗೆ ಅದು ಅಂಗೀಕೃತವಾದ ಮೇಲೆ ಕೆಲಸವು ಮತ್ತೆ ಅವನ ಕೈಗೇ ಬಂದಿತು. 1829ರ ರೇನ್‌ಹಿಲ್ ಪಂದ್ಯದಲ್ಲಿ ‘ರಾಕೆಟ್’ 500 ಪೌಂಡಿನ ಬಹುಮಾನವನ್ನು ಗೆದ್ದುದೂ, 1830ರ ಸೆಪ್ಟೆಂಬರ್ 15ರಂದು ಮಾರ್ಗವು ತೆರೆದುದೂ ಶಾಲೆಯ ಮಕ್ಕಳಿಗೂ ತಿಳಿದ ಕಥೆ.

‘ರಾಕೆಟ್’ ಬಂಡಿಯನ್ನು ನಿರ್ಮಿಸಿದ ಕಾರ್ಖಾನೆಯ ಹಣ ಎಲ್ಲಿಂದ ಬಂದಿತೆಂಬುದು ಅಷ್ಟು ಪ್ರಸಿದ್ಧವಲ್ಲ. 1823ರಲ್ಲಿ ನ್ಯೂಕ್ಯಾಸಲಿನಲ್ಲಿ ರಾಬರ್ಟ್ ಸ್ಟೀಫನ್‌ಸನ್ ಮತ್ತು ಕಂಪನಿ ಪ್ರಾರಂಭವಾದಾಗ, ದೀಪಕ್ಕಾಗಿ ಊರಿನವರು ಕೊಟ್ಟಿದ್ದ ಸಾವಿರ ಪೌಂಡನ್ನು ತಂದೆಯು ಅದರಲ್ಲಿ ತೊಡಗಿಸಿದನೆಂದು ಸ್ಮೈಲ್ಸನು ಹೇಳುತ್ತಾನೆ. ಇಪ್ಪತ್ತು ವರ್ಷ ತುಂಬದ ಮಗನ ಪಾಲಿಗೆ, ಡಾರ್ಲಿಂಗ್ಟನ್ನಿನ ಉಣ್ಣೆಯ ವರ್ತಕ ಎಡ್ವರ್ಡ್ ಪೀಸ್ ಎಂಬ ಕ್ವೇಕರ್ ವೃದ್ಧನು 500 ಪೌಂಡು ಸಾಲ ಕೊಟ್ಟನು. ಸ್ವಸಹಾಯದ ಆದರ್ಶಪುರುಷರೆಂದು ಲೋಕವು ಕೊಂಡಾಡಿದ ತಂದೆಮಕ್ಕಳ ಬಂಡವಾಳದಲ್ಲಿ ಒಂದು ಭಾಗ ಊರವರ ಚಂದಾ, ಇನ್ನೊಂದು ಭಾಗ ನೆರೆಯವನ ನಂಬಿಕೆ.

ರಾಬರ್ಟನು ಇದನ್ನು ಮರೆತವನಲ್ಲ. ಸೇತುವೆಗಳ ನಿರ್ಮಾಣದಲ್ಲಿ ತಂದೆಯನ್ನೂ ಮೀರಿಸಿ, ಪಾರ್ಲಿಮೆಂಟಿನ ಸದಸ್ಯನೂ ಆಗಿ, ಕೊನೆಯ ವರ್ಷಗಳಲ್ಲಿ ನ್ಯೂಕ್ಯಾಸಲಿನ ಆ ಪುಸ್ತಕಭಂಡಾರದ ಸಂಘಕ್ಕೇ ಅಧ್ಯಕ್ಷನಾಗಿದ್ದಾಗ, ಸಂಘವು ಸಾಲದಲ್ಲಿ ಮುಳುಗಿತ್ತು. ಆ ಸಾಲದ ಅರ್ಧವನ್ನು ತಾನು ತೀರಿಸುವುದಾಗಿ ಅವನು ಮುಂದೆ ಬಂದನು. ಉಳಿದರ್ಧವನ್ನು ಸದಸ್ಯರು ಕೂಡಿಸಬೇಕು, ಜೊತೆಗೆ, ಬಡ ಯುವಕರೂ ಸೇರಬಹುದಾಗುವಂತೆ ಸಂಘದ ವಾರ್ಷಿಕ ಚಂದಾವನ್ನು ಇಳಿಸಬೇಕು ಎಂಬುದು ಅವನು ಹಾಕಿದ ನಿಬಂಧನೆ. ಸದಸ್ಯರು ಒಪ್ಪಿದರು, ಚಂದಾ ಇಳಿಯಿತು.